ಮಂಜ ನಕ್ಕ ಗೋಲು

ಮೊನ್ನೆ ಅಂಗಡಿಯಲ್ಲಿ ಜೆರಾಕ್ಸ್ ಯಂತ್ರದೊಳಗೆ ಒದ್ದೆ ಕಾಗದ ಸಿಕ್ಕಿಹಾಕಿಕೊಂಡಿತು. ಯಾರೋ ಪುಣ್ಯಾತ್ಮರು ಮಳೆಯಲ್ಲಿ ನೆನೆದ ಆರ್‌ಟಿಸಿ ಪ್ರತಿಯನ್ನು ಹಾಗೇ ಕೊಟ್ಟಿದ್ದರು, ನಾನೂ ನೋಡದೆ ಮೇಲಿನಿಂದ ತುರುಕಿದ್ದೆ. ಮುಚ್ಚಳ ತೆಗೆದಾಗ ಬಂದ ವಾಸನೆ ಇದೆಯಲ್ಲ, ಬಿಸಿ ಟೋನರು, ಒದ್ದೆ ಕಾಗದ, ಗಿರಾಕಿಯ ಕಾಲಿನ ಕೆಸರು ಎಲ್ಲ ಸೇರಿದ್ದು, ಅದು ಮೂಗಿಗೆ ಬಡಿದದ್ದೇ ನನಗೆ ಎದುರಿಗಿದ್ದ ಗಿರಾಕಿಯೂ ಮರೆತುಹೋದರು, ಬೈಂದೂರು ಬಸ್‌ಸ್ಟ್ಯಾಂಡಿನ ಗದ್ದಲವೂ ಮರೆತುಹೋಯಿತು. ಕೆಲವು ವರ್ಷಗಳ ಹಿಂದಿನ ಆ ಆಸಾಡಿ, ಅಂದರೆ ಆಷಾಢದ ತಿಂಗಳು ಬಂದು ಎದುರು ನಿಂತಿತು. ಎಂಥ ತಿಂಗಳು ಅದು!

ಆಗ ನಾವು ‘ಗೆರೆ ಬದಿ’ ಎಂಬ ಪತ್ರಿಕೆ ಹೊರಡಿಸುತ್ತಿದ್ದೆವು. ಪತ್ರಿಕೆ ಅಂದರೆ ಹೆದರಬೇಡಿ. ಎರಡು ಹಾಳೆ ಮಡಚಿ ನಡುವೆ ಪಿನ್ನು ಹೊಡೆದರೆ ಮುಗಿಯಿತು. ಬೈಂದೂರಿಗೆ ತಾಗಿದ ಯಡ್ತರೆಯ ಫುಟ್‌ಬಾಲ್ ತಂಡದ ಹುಚ್ಚು ಹಿಡಿದವರೇ ಬರೆದು, ನನ್ನ ಅಂಗಡಿಯಲ್ಲೇ ಟೈಪ್ ಮಾಡಿ, ಪ್ರತಿ ತೆಗೆದು, ಪಂದ್ಯದ ದಿನ ಕೊಡೆ ಹಿಡಿದುಕೊಂಡು ಮಾರುತ್ತಿದ್ದೆವು. ಕ್ರಿಕೆಟ್ಟು, ಕಬಡ್ಡಿ ಬಿಟ್ಟರೆ ಬೇರೆ ಆಟವೇ ಇಲ್ಲ ಎಂದು ತಿಳಿದಿರುವ ಊರಿನಲ್ಲಿ ಫುಟ್‌ಬಾಲಿಗೊಂದು ಪತ್ರಿಕೆ, ಅದಕ್ಕೊಬ್ಬಳು ಹೆಂಗಸು ಸಂಪಾದಕಿ. ನಗುವವರು ನಕ್ಕರು. ನಕ್ಕವರೇ ಕೊಂಡು ಓದಿದರು ಕೂಡ.

ಇದರ ತಲೆ ರಘುರಾಮಣ್ಣನದು. ಅವರು ಬಹಳ ಕಾಲ ಹಡಗಿನಲ್ಲಿ ಅಡುಗೆಯವರಾಗಿದ್ದವರು. ಇಂಗ್ಲೆಂಡಿನ ಯಾವುದೋ ಬಂದರಿನಲ್ಲಿ ಹಡಗು ರಿಪೇರಿಗೆ ನಿಂತಾಗ ಪಂದ್ಯ ನೋಡಲು ಹೋಗಿದ್ದರಂತೆ. ಗೇಟಿನ ಹೊರಗೆ ಮಳೆಯಲ್ಲಿ ನಿಂತು ಒಬ್ಬ ಇಂಥದೇ ಪಿನ್ನು ಹೊಡೆದ ಹಾಳೆ ಮಾರುತ್ತಿದ್ದನಂತೆ. ತಂಡದ ಮಾಲೀಕರು ಹೊರಡಿಸುವ ಬಣ್ಣದ ಪುಸ್ತಕ ಬೇರೆ, ಅದರಲ್ಲಿ ಎಲ್ಲರೂ ಒಳ್ಳೆಯವರು, ಎಲ್ಲವೂ ಚಂದ. ಟಿಕೆಟ್ ಕೊಂಡು ಚಳಿಯಲ್ಲಿ ನಿಂತವನ ಸಿಟ್ಟಿಗೆ ಅಲ್ಲಿ ಜಾಗ ಇಲ್ಲ. ಆ ಸಿಟ್ಟಿಗೇ ಹುಟ್ಟಿದ್ದು ಈ ಹಾಳೆಗಳು. ಮೊದಲು ಹಾಡಿನ ಹುಚ್ಚಿನವರು ಹೀಗೆ ಮಾಡುತ್ತಿದ್ದರಂತೆ, ಅವರನ್ನು ನೋಡಿ ಫುಟ್‌ಬಾಲಿನವರು ಕಲಿತದ್ದು. ಟೈಪ್‌ರೈಟರಿನಲ್ಲಿ ಕುಟ್ಟುವುದು, ಕತ್ತರಿಸಿ ಗೋಂದು ಹಾಕಿ ಅಂಟಿಸುವುದು, ಕೆಲಸ ಮಾಡುವ ಆಫೀಸಿನ ಯಂತ್ರದಲ್ಲಿ ಕದ್ದು ಪ್ರತಿ ತೆಗೆಯುವುದು. ಮಾಲೀಕರು ಮೈದಾನವನ್ನೇ ಮಾರಲು ಹೊರಟರೆ ಮೊದಲು ಬೊಬ್ಬೆ ಹೊಡೆಯುವುದೂ ಇವರೇ. ರಘುರಾಮಣ್ಣ ಅಂಥ ಹಾಳೆಗಳ ಒಂದು ಕಟ್ಟನ್ನು ಟ್ರಂಕಿನಲ್ಲಿ ಹೊತ್ತು ತಂದಿದ್ದರು. ಈಗ ಅಲ್ಲಿಯೂ ಹೆಚ್ಚಿನದೆಲ್ಲ ಫೋನಿಗೆ ಹೋಗಿದೆ, ಆದರೂ ಹಟ ಹಿಡಿದು ಕಾಗದದಲ್ಲೇ ತರುವವರು ಇದ್ದಾರೆ ಎಂದು ಹೇಳುವಾಗ ಅವರ ಮುಖ ನೋಡಬೇಕು, ಸ್ವಂತ ಮಗಳಿಗೆ ರ‍್ಯಾಂಕ್ ಬಂದಷ್ಟು ಖುಷಿ.

‘ಗೆರೆ ಬದಿ’ಯಲ್ಲಿ ಜನ ಮೊದಲು ತೆಗೆಯುತ್ತಿದ್ದದ್ದು ಕೊನೆಯ ಪುಟ. ಅದರ ಹೆಸರು ‘ಕೂಗಿದ್ದು’. ಪಂದ್ಯ ನಡೆಯುವಾಗ ಗೆರೆಯ ಹೊರಗಿನಿಂದ ಜನ ಏನು ಕೂಗಿದರೋ ಅದು ಕೂಗಿದ ಹಾಗೆಯೇ ಅಲ್ಲಿ ಬರುತ್ತಿತ್ತು. ರೆಫ್ರಿಗೆ ಬೈದದ್ದು, ನಮ್ಮವರಿಗೇ ಬೈದದ್ದು, ಎಲ್ಲ. ಹೆಸರು ಹಾಕುವಂತಿಲ್ಲ, ತಿದ್ದುವಂತಿಲ್ಲ. ಹೆಸರು ಹಾಕಿದರೆ ಮುಂದಿನ ಸಲ ಯಾರೂ ಮನಸ್ಸು ಬಿಚ್ಚಿ ಕೂಗುವುದಿಲ್ಲ ಎಂಬುದು ರಘುರಾಮಣ್ಣನ ಕಾನೂನು. ಬೇರೆ ಊರಿನ ಪಂದ್ಯ ಮುಗಿಸಿ ಬಸ್ಸಿನಲ್ಲಿ ಬರುವಾಗ ಒಬ್ಬೊಬ್ಬರು ತಾವು ಕೇಳಿದ ಕೂಗನ್ನು ಹೇಳುವುದು, ಉಳಿದವರು ಹೊಟ್ಟೆ ಹಿಡಿದುಕೊಂಡು ನಗುವುದು, ನಾನು ಕಿಟಕಿ ಬದಿ ಕೂತು ಫೋನಿನಲ್ಲಿ ಕುಟ್ಟಿಕೊಳ್ಳುವುದು. ಯಾವ ಕೂಗು ಮೊದಲಿನದು, ಯಾವುದು ಆಮೇಲಿನದು ಎಂದು ಯಾರೂ ಕೇಳುತ್ತಿರಲಿಲ್ಲ.

ಆ ವರ್ಷ ಮಳೆಗಾಲದ ಟೂರ್ನಮೆಂಟಿನಲ್ಲಿ ನಾವು ಸೆಮಿಫೈನಲಿಗೆ ಬಂದಿದ್ದೆವು. ಎದುರಾಳಿ ಬ್ರಹ್ಮಾವರ. ಒಂದು ಪಂದ್ಯ ಅವರಲ್ಲಿ, ಮರು ಪಂದ್ಯ ನಮ್ಮಲ್ಲಿ. ಎರಡರ ಗೋಲು ಕೂಡಿಸಿ ಯಾರದ್ದು ಹೆಚ್ಚೋ ಅವರು ಫೈನಲಿಗೆ. ನಮ್ಮ ಗೋಲ್‌ಕೀಪರ್ ಮಂಜ, ಯಡ್ತರೆಯಲ್ಲೇ ವೆಲ್ಡಿಂಗ್ ಶಾಪು ಇಟ್ಟುಕೊಂಡಿದ್ದವನು. ಉದ್ದ ಕೈ, ಕಡಿಮೆ ಮಾತು. ಆ ಬೇಸಿಗೆಯಲ್ಲಿ ಅವನಿಗೆ ಮದುವೆಯಾಗಿತ್ತು, ಹುಡುಗಿ ಶೈಲಾ ಬ್ರಹ್ಮಾವರದವಳೇ. ನಮ್ಮ ಕಡೆ ಹೊಸ ಮದುಮಗಳು ಆಸಾಡಿಯಲ್ಲಿ ತಾಯಿಮನೆಯಲ್ಲಿ ಕೂರಬೇಕು, ಗಂಡನ ಮನೆಯ ಹೊಸಿಲು ತುಳಿಯಬಾರದು. ಶೈಲಾ ಬ್ರಹ್ಮಾವರಕ್ಕೆ ಹೋಗಿದ್ದಳು, ಪಂದ್ಯವೂ ಬ್ರಹ್ಮಾವರಕ್ಕೇ ಬಿತ್ತು. ಇನ್ನು ಬಸ್ಸಿನಲ್ಲಿ ಮಂಜನನ್ನು ಬಿಡುತ್ತಾರೆಯೇ? ಕುಂಭಾಶಿ ದಾಟುವಾಗ ಆನೆಗುಡ್ಡೆಯ ಗಣಪತಿಯ ಕಡೆ ಎಲ್ಲರೂ ಕೈ ಮುಗಿದರು. ಮಂಜ ಸ್ವಲ್ಪ ಹೆಚ್ಚು ಹೊತ್ತು ಮುಗಿದ. ಅದಕ್ಕೂ ನಗೆ.

ಬ್ರಹ್ಮಾವರದಲ್ಲಿ ಮಳೆ ಅಂದರೆ ಮಳೆ. ನಾನು ಪತ್ರಿಕೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ನಡುಗೆರೆಯ ಹತ್ತಿರ ನಿಂತಿದ್ದೆ. ನಮ್ಮ ಚೆಂಡೆ ಬಾರಿಸುವ ಗುಂಪು ಯಾವತ್ತಿನಂತೆ ಮಂಜನ ಗೋಲಿನ ಹಿಂದೆ ನಿಂತಿತ್ತು. ಎರಡನೆಯ ಅರ್ಧದಲ್ಲಿ ಅವರ ಹುಡುಗನೊಬ್ಬ ದೂರದಿಂದ ಸುಮ್ಮನೆ ಒದ್ದ. ಬಾಲು ಕೆಸರಿನಲ್ಲಿ ತೆವಳಿಕೊಂಡು ಬಂತು. ಮಂಜ ನಿದ್ದೆಗಣ್ಣಿನಲ್ಲೂ ಹಿಡಿಯುವಂಥ ಬಾಲು. ಅದು ಅವನ ಕೈಕೆಳಗೆ ನುಗ್ಗಿ ಒಳಗೆ ಹೋಯಿತು! ಒಂದು ಗೋಲಿಗೆ ಸೋತೆವು.

ಬರುವಾಗ ಬಸ್ಸು ಸಾವಿನ ಮನೆಯಂತಿತ್ತು. ಸಾಲಿಗ್ರಾಮ ದಾಟಿದ ಮೇಲೆ ಹಿಂದಿನ ಸೀಟಿನಿಂದ ಯಾರೋ, ಮಳೆಯ ಸದ್ದಿನಲ್ಲಿ ಯಾರ ಧ್ವನಿಯೋ ತಿಳಿಯಲಿಲ್ಲ, ಗೋಲಿನ ಹಿಂದೆ ಹೀಗೊಂದು ಕೂಗು ಕೇಳಿತು ಎಂದು ಹೇಳಿದರು: “ಮಾವನ ಮನಿಗ್ ಬರಿಗೈಯಂಗೆ ಹೋಪುದಾ ಮಂಜ? ಒಂದ್ ಗೋಲಾರೂ ಕೊಟ್ ಬಾ!” ಬಸ್ಸು ಬಿದ್ದು ಬಿದ್ದು ನಕ್ಕಿತು. ಮುಂದೆ ಕೂತಿದ್ದ ಮಂಜ ತಿರುಗಿ ನೋಡಲಿಲ್ಲ. ನಾನು ಕುಟ್ಟಿಕೊಂಡೆ. ಮರು ಪಂದ್ಯಕ್ಕೆ ಕಾಯದೆ ಆ ವಾರವೇ ಹೊರಡಿಸಿದ ಸಂಚಿಕೆಯ ‘ಕೂಗಿದ್ದು’ವಿನಲ್ಲಿ ಅದೂ ಬಂತು.

ಮೈದಾನದಲ್ಲಿ ಕೂಗಿದ ಮಾತು ಮಳೆಗೆ ಕೊಚ್ಚಿಕೊಂಡು ಹೋಗುತ್ತದೆ, ಅಚ್ಚಾದದ್ದು ಹೋಗುವುದಿಲ್ಲ. ಪತ್ರಿಕೆ ಹೊರಬಿದ್ದ ಮರುದಿನವೇ ಬ್ರಹ್ಮಾವರದ ಹುಡುಗರು ತೆಗೆದ ವಿಡಿಯೋ ಒಂದು ವಾಟ್ಸಾಪಿನಲ್ಲಿ ಬಂತು. ಅದನ್ನು ನಿಧಾನ ಮಾಡಿ ಹಾಕಿದ್ದರು. ಬಾಲು ಬರುತ್ತಿದೆ, ಮಂಜ ನಿಂತಿದ್ದಾನೆ. ಮಂಜ ನಗುತ್ತಿದ್ದಾನೆ. ಹೌದು, ಹಲ್ಲು ಬಿಟ್ಟು ನಗುತ್ತಿದ್ದಾನೆ, ಬಾಲು ಒಳಗೆ ಹೋಗುತ್ತಿದೆ. ಅದರ ಕೆಳಗೆ ನಮ್ಮ ಪತ್ರಿಕೆಯ ಆ ಸಾಲಿನ ಫೋಟೋ.

ಸಾಕಲ್ಲ? ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುವವರೆಲ್ಲ ನ್ಯಾಯಾಧೀಶರಾದರು. ಹೆಂಡತಿ ಮನೆಯವರಿಗೆ ಬೇಕೆಂದೇ ಗೋಲು ಬಿಟ್ಟ, ಮಾವ ಏನೋ ಮಾತು ಕೊಟ್ಟಿದ್ದಾನೆ, ನಗು ನೋಡಿದರೆ ತಿಳಿಯುವುದಿಲ್ಲವೇ, ‘ಗೆರೆ ಬದಿ’ಯಲ್ಲೇ ಬಂದಿದೆಯಲ್ಲ! ಆ ಕೊನೆಯ ಮಾತು ಕೇಳಿದಾಗಲೆಲ್ಲ ನನ್ನ ಮೈ ಉರಿದುಹೋಗುತ್ತಿತ್ತು. ಒಂದು ಬೆಳಿಗ್ಗೆ ಮಂಜನ ಶಾಪಿನ ಶಟರಿನ ಮೇಲೆ ಯಾರೋ ಇದ್ದಿಲಿನಲ್ಲಿ ‘ಅಳಿಯ’ ಎಂದು ದೊಡ್ಡದಾಗಿ ಬರೆದಿದ್ದರು. ಅದನ್ನು ತೆಂಗಿನ ಸಿಪ್ಪೆ ಹಾಕಿ ತಿಕ್ಕಿ ತೆಗೆದವನು ಚಂದ್ರ. ಚಂದ್ರ ಮೀನಿನ ಟೆಂಪೋ ಓಡಿಸುವವನು, ನಮ್ಮ ಗುಂಪಿನ ಚೆಂಡೆ ಅವನದೇ. ಅವನೂ ಮಂಜನೂ ಒಂದೇ ಬೆಂಚಿನಲ್ಲಿ ಕೂತು ಫೇಲಾದವರು. ತಿಕ್ಕುವಾಗ ಅವನ ಕಣ್ಣು ಕೆಂಪಾಗಿತ್ತು. ಗೆಳೆಯನ ಮೇಲಿನ ಪ್ರೀತಿ ಎಂದುಕೊಂಡೆ.

ನಾನು ತಡೆಯಲಾರದೆ ಶಾಪಿಗೆ ಹೋದೆ. ಮಂಜ ಒಳಗೆ ಒಂದು ಗೇಟಿನ ಸರಳು ಹಿಡಿದು ಸುಮ್ಮನೆ ಕೂತಿದ್ದ.

“ಎಂತಕ್ಕೆ ನೆಗಾಡ್ದೆ ಮಾರಾಯ?” ಎಂದು ಕೇಳಿಯೇಬಿಟ್ಟೆ.

“ನೆಗಿ ಬಂತ್ ಸುಮಕ್ಕ, ನೆಗಾಡ್ದೆ.”

“ಎಂತಕ್ಕೆ ಬಂತ್?”

“ನೆಗಿ ಬಪ್ಪುಕೆ ಕಾರಣ ಬೇಕಾ?”

“ಬೇಕ್. ಊರೆಲ್ಲ ಕೇಣ್ತಾ ಇತ್ತ್. ಒಂದ್ ಮಾತ್ ಹೇಳ್, ನಾಳೆಯೇ ಹಾಕ್ತೆ ಪತ್ರಿಕೆಯಂಗೆ.”

ಅವನು ಕನ್ನಡಕ ಹಾಕಿಕೊಂಡು ವೆಲ್ಡಿಂಗ್ ಶುರು ಮಾಡಿದ. ಆ ಬೆಳಕಿಗೆ ನಾನು ಮುಖ ತಿರುಗಿಸಲೇಬೇಕಾಯಿತು. ಅಂದರೆ ಹೋಗು ಎಂದು ಅರ್ಥ. ನನಗೆ ಬಂದ ಸಿಟ್ಟಿಗೆ ಆ ಸರಳಿನಿಂದಲೇ ಅವನಿಗೆ ಎರಡು ಬಿಡಬೇಕು ಅನ್ನಿಸಿತ್ತು.

ಬ್ರಹ್ಮಾವರದಲ್ಲಿ ಇನ್ನೂ ಚಂದ. ಶೈಲಾಳ ಅಪ್ಪಯ್ಯನನ್ನು ಅಲ್ಲಿನವರು ದಾರಿಯಲ್ಲಿ ನಿಲ್ಲಿಸಿ, ಒಳ್ಳೆ ಅಳಿಯ ಮಾರಾಯ್ರೆ, ಫೈನಲಿಗೆ ಕಳಿಸುತ್ತಾನೆ ನಮ್ಮನ್ನು ಎಂದು ಬೆನ್ನು ತಟ್ಟುತ್ತಿದ್ದರಂತೆ. ಮರ್ಯಾದಸ್ಥ ಮನುಷ್ಯ. ಮಂಜನಿಗೆ ಫೋನು ಮಾಡಿ, ಈ ಹೊಲಸು ತೊಳೆದುಕೊಳ್ಳುವವರೆಗೆ ಮಗಳನ್ನು ಕರೆದೊಯ್ಯಲು ಬರಬೇಡ, ಆಸಾಡಿ ಮುಗಿದರೂ ಬರಬೇಡ ಎಂದುಬಿಟ್ಟರು. ಮಂಜ ಅದಕ್ಕೂ “ಹೂಂ” ಅಂದನಂತೆ.

ಮರು ಪಂದ್ಯಕ್ಕೆ ಎರಡು ದಿನ ಇರುವಾಗ ನನ್ನ ಅಂಗಡಿಯಲ್ಲೇ ಪಂಚಾಯಿತಿ ಸೇರಿತು. ತಂಡದ ಮ್ಯಾನೇಜರ್ ಶೆಟ್ರು, ರಘುರಾಮಣ್ಣ, ಚಂದ್ರ, ನಾನು. ಹೊರಗೆ ಮಳೆ ಹೊಯ್ಯುತ್ತಿತ್ತು.

“ಆ ಸಾಲ್ ಸುಳ್ಳ್ ಅಂದೇಳಿ ಹಾಕಿ ಸುಮಕ್ಕ” ಎಂದ ಚಂದ್ರ. “ತಪ್ಪಾಯ್ತ್ ಅಂದ್ ಬರಿನಿ. ಸಾಕ್.”

ರಘುರಾಮಣ್ಣ ಒಪ್ಪಲಿಲ್ಲ. “ಹ್ಯಾಂಗ್ ಹಾಕುದ್? ಯಾರೋ ಕೂಗ್ದದ್ದ್ ಹೌದಲ್ದಾ? ಕೂಗ್ದವ ಬಂದ್ ಯಾವಾಗ ಕೂಗ್ದೆ, ಎಂತಕ್ಕ್ ಕೂಗ್ದೆ ಅಂದೇಳಿ ಹೇಳ್ಲಿ, ಆಗ ಬರೆವ. ನಾವ್ ಕಾಣದ್ದ್ ಹೌದು ಅಂಬುಕೂ ಆತಿಲ್ಲೆ, ಅಲ್ಲ ಅಂಬುಕೂ ಆತಿಲ್ಲೆ.”

“ಹೆಸ್ರ್ ಹಾಕುಕಿಲ್ಲ ಅಂಬುದ್ ನಿಮ್ಮದೇ ಕಾನೂನ್” ಎಂದು ನಾನು ಹರಿಹಾಯ್ದೆ. “ಈಗ ಕೂಗ್ದವ ಬೆಚ್ಚಗ್ ಮನಿಯಂಗ್ ಕೂತಿದ್ದ. ಮಂಜ ಒಬ್ನೇ ಸಾಯ್ತಿದ್ದ!”

ಚಂದ್ರ ಎದ್ದು ಬಾಗಿಲ ಹತ್ತಿರ ಹೋಗಿ ಮಳೆ ನೋಡುತ್ತಾ ನಿಂತ. ಶೆಟ್ರು ಕೊಡೆ ಬಿಡಿಸುತ್ತಾ ಕೊನೆಯ ಮಾತು ಹೇಳಿದರು. “ಕಾಣಿ, ಆದಿತ್ಯವಾರ ಅವನ್ನೇ ನಿಲ್ಲಿಸ್ತೆ. ಆದ್ರೆ ನಮ್ಮ ಜನವೇ ಗಲಾಟಿ ಮಾಡ್ರೆ ಹೊರಗ್ ಕರಿತೆ. ಒಂದ್ ಸಲ ಊರ್ ಜನ ಕೂಗಿ ಹೊರಗ್ ಹಾಕ್ರೆ ಮತ್ತೆ ಅವ ಯಡ್ತರೆಗೆ ಆಡುಕಿಲ್ಲ. ಅಷ್ಟೇ.”

ಮರು ಪಂದ್ಯದ ಸಂಚಿಕೆಯಲ್ಲಿ ‘ಕೂಗಿದ್ದು’ ಪುಟವನ್ನೇ ಹಾಕಲಿಲ್ಲ. ಖಾಲಿ ಬಿಟ್ಟೆ. ರಘುರಾಮಣ್ಣ ನನ್ನ ಜತೆ ಮಾತು ಬಿಟ್ಟರು. ಬಿಡಲಿ ಅಂದುಕೊಂಡೆ.

ಆದಿತ್ಯವಾರ ಮೈದಾನದಲ್ಲಿ ಅಷ್ಟು ಜನ ಸೇರಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಫುಟ್‌ಬಾಲ್ ಅಂದರೆ ಮೂಗು ಮುರಿಯುತ್ತಿದ್ದವರೆಲ್ಲ ಬಂದಿದ್ದರು. ಬಂದದ್ದು ಆಟ ನೋಡಲಿಕ್ಕಲ್ಲ, ಮಂಜನನ್ನು ನೋಡಲಿಕ್ಕೆ. ಮಳೆ ಬಿಟ್ಟು ಸ್ವಲ್ಪ ಹೊಳವಾಗಿತ್ತು, ನೆಲವೆಲ್ಲ ರಾಡಿ. ಬ್ರಹ್ಮಾವರದವರ ಬಸ್ಸು ಬಂದು ನಿಂತಿತು. ಅವರ ಹುಡುಗರು ಬಾವುಟ ಹಿಡಿದು ಇಳಿದರು. ಕೊನೆಗೆ ಇಳಿದವಳು ಶೈಲಾ!

ಓಡಿಹೋಗಿ ಕೈ ಹಿಡಿದುಕೊಂಡೆ. “ನೀ ಎಂತಕ್ಕ್ ಬಂದೆ ಮಾರಾಯ್ತಿ? ಆಸಾಡಿ ಅಲ್ದಾ?”

“ಗಂಡನ ಮನಿ ಹೊಸ್ಲ್ ಮೆಟ್ಟುಕಾಗ ಅಂದ್ರ್ ಅಮ್ಮ. ಮೈದಾನಕ್ಕ್ ಹೊಸ್ಲ್ ಇಲ್ಯಲ್ದಾ ಸುಮಕ್ಕ?” ಎಂದಳು. ನಗಲಿಲ್ಲ. “ಅಪ್ಪಯ್ಯಂಗೆ ಹೇಳ್ಲಿಲ್ಲ. ಗೋಲಿನ ಹಿಂದೆ ನಿಂತ್ಕಣ್ತೆ. ಎಲ್ಲಿ, ತೋರ್ಸಿ.”

ಕರೆದುಕೊಂಡು ಹೋದೆ. ಗೋಲಿನ ಹಿಂದೆ ನಮ್ಮವರೇ ಗಿಜಿಗುಟ್ಟುತ್ತಿದ್ದರು. ಅವಳನ್ನು ಕಂಡವರು ಒಬ್ಬರನ್ನೊಬ್ಬರು ತಿವಿದುಕೊಂಡರು. ಚಂದ್ರ ಸೊಂಟಕ್ಕೆ ಚೆಂಡೆ ಕಟ್ಟಿ ನಿಂತಿದ್ದ, ಬಾರಿಸುತ್ತಿರಲಿಲ್ಲ. ತಂಡ ಒಳಗೆ ಬಂತು. ಮಂಜ ತಲೆ ತಗ್ಗಿಸಿಕೊಂಡು ಗೋಲಿನ ಕಡೆ ನಡೆದು ಬರುತ್ತಿದ್ದ. ಆಗ ಹಿಂದಿನ ಸಾಲಿನಲ್ಲಿ ಯಾರೋ ನಿಧಾನಕ್ಕೆ ಚಪ್ಪಾಳೆ ಶುರು ಮಾಡಿದರು. ಚಪ್ಪಾಳೆಯ ಜತೆ ಮಾತು. “ಅಳ್ಯಾ... ಅಳ್ಯಾ...” ಹತ್ತು ಜನ ಸೇರಿಕೊಂಡರು, ಆಮೇಲೆ ಇಡೀ ಬದಿಯೇ. ಸಿಳ್ಳೆ, ಬೊಬ್ಬೆ. ಒಂದು ಕೆಸರಿನ ಮುದ್ದೆ ಹಾರಿ ಬಂದು ಅವನ ಹೆಗಲಿಗೆ ಬಿತ್ತು.

ಮಂಜ ನಿಂತ. ಆಮೇಲೆ ಬಲಗೈಯ ಗ್ಲೌಸನ್ನು ಬಿಚ್ಚತೊಡಗಿದ. ಆಚೆ ಗೆರೆಯ ಹತ್ತಿರ ಶೆಟ್ರು ಬೇರೆ ಕೀಪರಿಗೆ ಕೈ ಮಾಡುವುದು ಕಂಡಿತು. ಮುಗಿಯಿತು, ಇನ್ನೇನು ಮುಗಿಯಿತು ಅಂದುಕೊಂಡೆ.

ಶೈಲಾ ನನ್ನ ಕೈ ಕೊಡವಿ ಗೋಲಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿದಳು. “ಹ್ವಾಯ್! ಆ ಮಾತ್ ಕೂಗ್ದದ್ದ್ ಯಾರ್? ಪೇಪರಂಗೆ ಬಂತಲ್ದಾ? ಇಲ್ಲಿಯೇ ಇದ್ದ್ರಲ್ದಾ ನೀವ್? ಒಂದ್ ಗೋಲಿಗೆ ನನ್ನ ಸಂಸಾರ ಬೀದಿಗ್ ತಂದ್ರಿ. ಗಂಡ್ಸಾರೆ ಎದ್ರ್ ಬನ್ನಿ ಕಾಂಬ!”

ಚಪ್ಪಾಳೆ ನಿಂತಿತು. ನಾನು ಒಬ್ಬೊಬ್ಬರ ಮುಖ ನೋಡಿದೆ. ಎಲ್ಲರೂ ಪಕ್ಕದವನನ್ನು ನೋಡುತ್ತಿದ್ದರು. ಆಗ ಚೆಂಡೆಯ ಕೋಲು ಎರಡೂ ನೆಲಕ್ಕೆ ಬಿದ್ದವು.

“ನಾನ್” ಎಂದ ಚಂದ್ರ.

ಅವನ ಧ್ವನಿ ಒಡೆದುಹೋಗಿತ್ತು. “ನಾನೇ ಕೂಗ್ದದ್ದ್. ಗೋಲ್ ಆದ್ ಮೇಲಲ್ಲ, ಆಪುಕೆ ಮುಂಚೆ. ಬಾಲ್ ಎಲ್ಲೋ ಆಚೆ ಇದ್ದಿತ್. ಅವ ಚಳಿಗ್ ನಡ್ಗ್ತಾ ನಿಂತಿದ್ದ, ಮುಖ ಸಣ್ಣ ಮಾಡ್ಕಂಡ್. ಒಂಚೂರ್ ನೆಗಾಡ್ಸುವ ಅಂದೇಳಿ ಕೂಗ್ದೆ. ಅವ ನನ್ನ ಮಾತಿಗ್ ನೆಗಾಡ್ದ. ನೆಗಾಡಿ ತಿರ್ಗಿ ಕಾಂಬತಿಗೆ ಬಾಲ್ ಕಾಲಡಿಗ್ ಬಂದಾಯ್ತ್.” ಅವನು ಜನರನ್ನೆಲ್ಲ ಒಮ್ಮೆ ನೋಡಿದ. “ಗೋಲ್ ಬಿಟ್ಟದ್ದ್ ಅವ ಅಲ್ಲ. ನಾನ್. ಹೇಳುಕ್ ಹೆದ್ರಿಕಿ ಆಯ್ತ್. ನನ್ನೇ ಹೊಡಿತ್ರಿ ಅಂದೇಳಿ... ಇಷ್ಟ್ ದಿನ ಅವ ನನ್ನ ಹೆಸ್ರ್ ಹೇಳ್ಲಿಲ್ಲ ಕಾಣಿ. ಹೆಂಡ್ತಿ ಬಿಟ್ಟ್ ಹೋಪ ಹಾಂಗ್ ಆರೂ ಹೇಳ್ಲಿಲ್ಲ.”

ಅಯ್ಯೋ ದೇವರೇ! ಇಡೀ ಊರಿಗೆ ಸಾಕ್ಷಿ ಎಂದು ಕಂಡ ಆ ನಗು ಇಷ್ಟೇ ಆಗಿತ್ತು. ನಮ್ಮ ಪತ್ರಿಕೆಯಲ್ಲಿ ಮೊದಲು ಗೋಲಿನ ಸುದ್ದಿ, ಕೊನೆಯ ಪುಟದಲ್ಲಿ ಕೂಗು. ಓದಿದವರಿಗೆ ಗೋಲು ಕಂಡು ಕೂಗಿದ ಮಾತು ಅದು. ಹಿಂದುಮುಂದಾದದ್ದು ಅಷ್ಟೇ, ಅಷ್ಟರಲ್ಲಿ ಒಬ್ಬ ಮನುಷ್ಯ ಕಳ್ಳನಾಗಿದ್ದ.

ಮಂಜ ಅಲ್ಲಿಂದಲೇ ಗದರಿದ. “ಬಾಯ್ ಮುಚ್ಚ್ ಮಾರಾಯ! ನಾನೇ ಹೇಳ್ಲಿಲ್ಲ, ನೀ ಎಂತಕ್ಕ್ ಹೇಳ್ದೆ?” ಎಂದವನು, ಬಿಚ್ಚಿದ ಗ್ಲೌಸನ್ನು ಮತ್ತೆ ಹಾಕಿಕೊಂಡು ಪಟ್ಟಿ ಬಿಗಿದ. ಶೆಟ್ರು ಎತ್ತಿದ ಕೈ ಇಳಿಸಿದರು. ರೆಫ್ರಿ ಸೀಟಿ ಊದಿದರು.

ಪಂದ್ಯ ಶುರುವಾಯಿತು. ಆದರೆ ಗೋಲಿನ ಹಿಂದೆ ಒಬ್ಬರೂ ಬಾಯಿ ಬಿಡಲಿಲ್ಲ. ಬೈಯಲು ಯಾರಿಗೂ ಮುಖವಿರಲಿಲ್ಲ, ಹೊಗಳಲು ನಾಚಿಕೆ. ಬಾಲು ಹತ್ತಿರ ಬಂದಾಗಲೂ ಮೌನ, ಮಂಜ ಹಾರಿ ಹಿಡಿದಾಗಲೂ ಮೌನ. ಫುಟ್‌ಬಾಲ್ ಮೈದಾನದಲ್ಲಿ ಅಂಥ ಮೌನ ಕೇಳಬಾರದು. ಬೊಬ್ಬೆಗಿಂತ ಅದೇ ಹೆಚ್ಚು ಹೆದರಿಸುತ್ತದೆ. ಮೊದಲ ಅರ್ಧ ಮುಗಿಯುತ್ತ ಬಂತು. ನಮ್ಮವರು ಒಂದು ಗೋಲು ಹೊಡೆಯಲೇಬೇಕು, ಹೊಡೆಯುತ್ತಿಲ್ಲ. ಅವರದ್ದು ಕಂಬಕ್ಕೆ ಬಡಿದು ಹೊರಗೆ ಹೋಯಿತು, ಆಗಲೂ ನಮ್ಮ ಬದಿಯಲ್ಲಿ ಪಿಟ್ಟೆಂಬ ಸದ್ದಿಲ್ಲ.

ಮಂಜನಿಗೆ ತಡೆಯಲಾಗಲಿಲ್ಲ. ಬಾಲು ಆಚೆ ಬದಿಗೆ ಹೋದಾಗ ಸೊಂಟದ ಮೇಲೆ ಕೈ ಇಟ್ಟು ನಮ್ಮ ಕಡೆ ತಿರುಗಿದ. ಮುಖದ ತುಂಬ ಕೆಸರು.

“ಎಂತಾ, ಸತ್ತ್ ಹೋಯ್ದ್ರ್ಯಾ ಎಲ್ಲ? ಒಬ್ರಾರೂ ಬೈಯಿನಿ ಮಾರಾಯ್ರೆ! ಹೀಂಗ್ ಸುಮ್ನೆ ನಿಂತ್ರೆ ನಂಗ್ ಹಿಂದೆ ಯಾರೂ ಇಲ್ದಿದ್ದ್ ಹಾಂಗ್ ಆತಿತ್ತ್!”

ಯಾರಿಗೂ ಧೈರ್ಯ ಬರಲಿಲ್ಲ. ಚಂದ್ರ ಕಣ್ಣು ಒರೆಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಶೈಲಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎರಡು ಹೆಜ್ಜೆ ಮುಂದೆ ಹೋದಳು. ಮದುವೆಯಾದ ಮೇಲೆ ನಾಲ್ಕು ಜನರೆದುರು ಗಂಡನ ಹತ್ತಿರ ಗಟ್ಟಿಯಾಗಿ ಮಾತಾಡಿದವಳಲ್ಲ.

“ಇತ್ಲಾಯಿ ಎಂತ ಕಾಂಬ್ದ್ ನೀವ್?” ಎಂದು ಬ್ರಹ್ಮಾವರದ ಬಸ್ಸಿನವರಿಗೂ ಕೇಳುವ ಹಾಗೆ ಕಿರುಚಿದಳು. “ಬಾಲ್ ಕಾಣಿ ಬಾಲ್! ಮಂಡಿ ಬಗ್ಸಿ ನಿಲ್ಲಿ!”

ಯಡ್ತರೆಯ ಆ ಬದಿ ಸಿಡಿಯಿತು. ನಗುವೋ ಅಳುವೋ ತಿಳಿಯದ ಒಂದು ಬೊಬ್ಬೆ, ಅದರೊಳಗೆ ಹತ್ತಾರು ಬೈಗುಳ. ಕಾಲ್ ಅಗಲ್ಸ್, ಮುಂದ್ ಬಾ, ನಿದ್ದಿ ಮಾಡ್ತ್ಯಾ, ಕಣ್ಣ್ ಬಿಡ್ ಹೆಂಡ್ತಿ ಕಾಂತ್ಳ್! ಚಂದ್ರ ಬಗ್ಗಿ ಕೆಸರಿನಿಂದ ಕೋಲು ಹುಡುಕಿ ತೆಗೆದ. ಮಂಜ ಬಾಲಿನ ಕಡೆ ತಿರುಗಿ, ಹೆಂಡತಿ ಹೇಳಿದ ಹಾಗೆಯೇ ಮಂಡಿ ಬಗ್ಗಿಸಿ ನಿಂತ.

ಆ ದಿನ ಅವನು ಒಂದೂ ಗೋಲು ಬಿಡಲಿಲ್ಲ. ನಮ್ಮವರು ಒಂದೂ ಹೊಡೆಯಲಿಲ್ಲ. ಹಳೆಯ ಒಂದೇ ಗೋಲಿಗೆ ನಾವು ಹೊರಬಿದ್ದೆವು. ರೆಫ್ರಿ ಕೊನೆಯ ಸೀಟಿ ಊದಿ ಎಷ್ಟೋ ಹೊತ್ತಾದರೂ ನಮ್ಮವರು ಗೋಲಿನ ಹಿಂದಿನಿಂದ ಕದಲದೆ ಮಂಜನಿಗೆ ಬೈಯುತ್ತಲೇ ಇದ್ದರು, ಅವನು ಕಂಬಕ್ಕೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ.